ಗೊಂಬೆಗೆ ಕಾಳಗ ಕಲಿಸಿದವರು

ಮಿನಿಯೇಚರ್ ವಾರ್‌ಗೇಮ್ ಎಂಬ ಹವ್ಯಾಸಕ್ಕೆ ಹೊಸದಾಗಿ ಬರುವವರಿಗೆ ಹಳಬರು ಹೇಳುವ ಬುದ್ಧಿಮಾತು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೊದಲೇ ದೊಡ್ಡ ಸೈನ್ಯ ಕೊಳ್ಳಬೇಡಿ, ಹತ್ತೋ ಹನ್ನೆರಡೋ ಗೊಂಬೆ ಸಾಕು. ಅವಕ್ಕೆ ಬಣ್ಣ ಹಚ್ಚಿ, ಕಾಲಡಿಗೆ ಪುಟ್ಟ ಬಿಲ್ಲೆ ಅಂಟಿಸಿ. ಮೇಜಿನ ಮೇಲೆ ಒಂದು ಗುಡ್ಡ, ಒಂದು ಹೊಳೆ, ಒಂದು ತೋಪು, ನಾಲ್ಕು ಮನೆ ಜೋಡಿಸಿ. ಅಳತೆಪಟ್ಟಿ, ದಾಳ, ನಿಯಮದ ಪುಸ್ತಕ ಹತ್ತಿರ ಇರಲಿ. ಎದುರಿಗೆ ಕೂತು ಆಡುವವರೊಬ್ಬರನ್ನು ಹುಡುಕಿಕೊಳ್ಳಿ. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ. ಉಳಿದದ್ದೆಲ್ಲ ಬೆಂಗಳೂರಿನ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುತ್ತದೆ. 28 ಮಿಲಿಮೀಟರ್ ಎತ್ತರದ, ಅಂದರೆ ಸುಮಾರು ಒಂದು ಇಂಚಿನ ಸಿಪಾಯಿಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತಾರೆ. ಕೈ, ಕಾಲು, ತಲೆ, ಬಂದೂಕು ಎಲ್ಲ ಬೇರೆಬೇರೆ. ಕತ್ತರಿಸಿ ಅಂಟಿಸುವ ಹೊತ್ತಿಗೆ ಒಂದು ಭಾನುವಾರ ಮುಗಿದಿರುತ್ತದೆ.

ಈ ಪಟ್ಟಿಯನ್ನು ನಂಜನಗೂಡು ಸೀಮೆಯ ಗೊಂಬೆ ಕೂರಿಸುವ ಮನೆಯ ಹಿರಿಯರೊಬ್ಬರ ಮುಂದೆ ಓದಿದರೆ ಅವರಿಗೆ ಅರ್ಧದಷ್ಟಾದರೂ ಹೊಸದೆನಿಸಲಾರದು. ಮಹಾಲಯ ಅಮಾವಾಸ್ಯೆಗೆ ಕೆಲವು ದಿನ ಮುಂಚೆ ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ ನೀರು ಚಿಮುಕಿಸಿದರೆ ನವರಾತ್ರಿಯ ಪಾಡ್ಯಕ್ಕೆ ಹಸಿರು ಪೈರು ಎದ್ದಿರುತ್ತದೆ. ಅದೇ ಗದ್ದೆ, ಅದೇ ಪಾರ್ಕು. ಕನ್ನಡಿಯನ್ನು ಮಲಗಿಸಿ ಅಂಚಿಗೆ ಮರಳು ಸುರಿದರೆ ಕೆರೆ ಸಿದ್ಧ. ಮರಳಿನ ಮೇಲೆ ಎರಡು ಬಾತುಕೋಳಿ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು ರಾಜಾರಾಣಿಯಾಗಿ ಕೂತರೆ ಕೆಳಗೆ ದಸರಾ ಮೆರವಣಿಗೆ: ಅಂಬಾರಿಯ ಆನೆ, ಕುದುರೆ ಸವಾರರು, ಬ್ಯಾಂಡಿನವರು, ಬಂದೂಕು ಹೊತ್ತ ಸಿಪಾಯಿಗಳ ಸಾಲು. ಮೈಸೂರು ಅರಮನೆಯಲ್ಲಂತೂ ಇದಕ್ಕೆಂದೇ ಗೊಂಬೆ ತೊಟ್ಟಿ ಇದೆ. ಇಂಗ್ಲೆಂಡಿನ ವಾರ್‌ಗೇಮರ್ ಅಂಗಡಿಯಿಂದ ತಂದ ಬಣ್ಣದ ಹುಲ್ಲುಪುಡಿ ಉದುರಿಸಿ ಮಾಡುವ ಕೆಲಸವನ್ನು ಇಲ್ಲಿಯ ಹೆಂಗಸರು ರಾಗಿಯಿಂದಲೇ ಮಾಡಿಕೊಂಡು ಬಂದಿದ್ದಾರೆ, ಅದೂ ಇನ್ನೂ ಚೆನ್ನಾಗಿ.

ಆದರೆ ಆ ಸಿಪಾಯಿಗಳು ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಒಂಬತ್ತು ದಿನ ನಿಂತಲ್ಲೇ ನಿಂತು, ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡು ಪೆಟ್ಟಿಗೆ ಸೇರುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಸಾಲು. ಮಕ್ಕಳು ಕೈಹಾಕಿದರೆ ಬೈಗುಳ.

ಪುಟ್ಟ ಸೈನ್ಯವನ್ನು ಸಾಲಾಗಿ ನಿಲ್ಲಿಸುವ ಕಲೆ ಈ ಸೀಮೆಗೆ ದಸರಾಕ್ಕಿಂತ ಹಳೆಯದು. ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯದ ಹೊರಗೋಡೆಯ ತಳವನ್ನು ನೋಡಬೇಕು. ಎಲ್ಲಕ್ಕಿಂತ ಕೆಳಗೆ ಆನೆಗಳ ಪಟ್ಟಿ, ಅದರ ಮೇಲೆ ಕುದುರೆ ಸವಾರರದು, ಅದರ ಮೇಲೆ ಬಳ್ಳಿ, ಮತ್ತೂ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಕಟ್ಟಿಸಿದವನು ದಂಡನಾಯಕ, ಅಂದರೆ ಸೇನಾಪತಿ. ದೇವರ ಗುಡಿಗೆ ಆನೆ ಕುದುರೆಗಳ ಅಡಿಪಾಯ ಹಾಕಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಗೈಯಲ್ಲಿ ಅಳೆಯಬಹುದಾದ ಆ ಸವಾರರಲ್ಲಿ ಒಬ್ಬನ ಭಂಗಿ ಇನ್ನೊಬ್ಬನಿಗಿಲ್ಲ. ಇವತ್ತು ಗೊಂಬೆಗೆ ಬಣ್ಣ ಬಳಿಯುವ ಹುಡುಗ ಎರಡು ಗಂಟೆ ಅಲ್ಲೇ ಕೂತರೆ ಕಲಿಯುವುದು ಬೇಕಾದಷ್ಟಿದೆ.

ಇನ್ನೊಂದು ಕಡೆ, ಗೊಂಬೆಯೇ ಇಲ್ಲದ ಕಾಳಗ. ಮೈಸೂರು–ಚಾಮರಾಜನಗರ ರೈಲು ನಿಲ್ಲುವ ಕವಲಂದೆಯ ಸುತ್ತಮುತ್ತಲ ಹಳ್ಳಿಗಳಲ್ಲಿ, ಹಳೇ ಮೈಸೂರಿನ ಉಳಿದ ಹಳ್ಳಿಗಳಲ್ಲಿದ್ದಂತೆಯೇ, ಅರಳಿಕಟ್ಟೆಯ ಚಪ್ಪಡಿಯ ಮೇಲೆ ಇದ್ದಿಲಿನಿಂದಲೋ ಸುಣ್ಣದ ಕಲ್ಲಿನಿಂದಲೋ ಗೀಚಿಕೊಂಡು ಆಡುತ್ತಿದ್ದ ಹುಲಿ-ಕುರಿ ಆಟ ಅದು. ಒಂದು ತ್ರಿಕೋನ, ಅದನ್ನು ಸೀಳುವ ಗೆರೆಗಳು, ಗೆರೆ ಸೇರುವಲ್ಲೆಲ್ಲ ಒಂದೊಂದು ಮನೆ, ಒಟ್ಟು 23. ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಕುರಿ. ಹುಲಿಗೆ ದಪ್ಪ ಕಲ್ಲು, ಕುರಿಗೆ ಹುಣಸೆಬೀಜ. ಕುರಿಗಳನ್ನು ಒಂದೊಂದಾಗಿ ಇಡಬೇಕು. ಹದಿನೈದೂ ಇಟ್ಟು ಮುಗಿಯುವವರೆಗೆ ಯಾವ ಕುರಿಯನ್ನೂ ನಡೆಸುವಂತಿಲ್ಲ. ಅಷ್ಟರಲ್ಲಿ ಹುಲಿ ಓಡಾಡುತ್ತಲೇ ಇರುತ್ತದೆ. ಪಕ್ಕದ ಕುರಿಯ ಆಚೆಗಿನ ಮನೆ ಖಾಲಿಯಿದ್ದರೆ ಹಾರಿ ತಿಂದುಬಿಡುತ್ತದೆ. ಹುಲಿಗಳು ಅಲುಗಾಡದಂತೆ ಕಟ್ಟಿಹಾಕಿದರೆ ಮಾತ್ರ ಕುರಿಗೆ ಗೆಲುವು.

ಹೊಸಬ ಯಾವಾಗಲೂ ನಟ್ಟನಡುವೆ ಕುರಿ ಇಡುತ್ತಾನೆ, ನಾಲ್ಕನೆಯ ನಡೆಗೇ ಕಳೆದುಕೊಳ್ಳುತ್ತಾನೆ. "ಹಿಂದುಗಡೆ ಖಾಲಿ ಬುಡಬ್ಯಾಡ ಕಣ್ಲಾ" ಎನ್ನುವುದು ಕಟ್ಟೆಯ ಮೇಲಿನ ಮೊದಲ ಪಾಠ. ಅಂಚಿನಿಂದ ಇಡುತ್ತ ಬಾ, ಒಂದರ ಬೆನ್ನಿಗೆ ಇನ್ನೊಂದಿರಲಿ, ಒಂದೆರಡು ಹೋದರೆ ಹೋಗಲಿ. ಯುರೋಪಿನ ಸೇನಾ ಶಾಲೆಯಲ್ಲಿ ಬೆನ್ನು ಕಾಯುವುದು, ಮೀಸಲು ಪಡೆ, ಬೇಕೆಂದೇ ಒಂದು ತುಕಡಿಯನ್ನು ಬಲಿಕೊಡುವುದು ಎಂದೆಲ್ಲ ಕಲಿಸುವುದು ಇದನ್ನೇ. ಎರಡು ಕಡೆಯ ಬಲವೂ ಬೇರೆ, ಗುರಿಯೂ ಬೇರೆ, ಆದರೂ ಪಂದ್ಯ ಸಮಬಲದ್ದು. ಇಂಥ ಆಟವನ್ನು ಕಟ್ಟುವುದು ಸುಲಭವಲ್ಲ. ಸಮಸಮ ಸೈನ್ಯವಿರುವ ಚದುರಂಗಕ್ಕಿಂತ ಒಂದು ವಿಷಯದಲ್ಲಿ ಹುಲಿ-ಕುರಿಯೇ ನಿಜವಾದ ಯುದ್ಧಕ್ಕೆ ಹತ್ತಿರ. ಯಾವ ರಣರಂಗದಲ್ಲೂ ಎರಡೂ ಕಡೆ ಹದಿನಾರು ಹದಿನಾರು ಕಾಯಿ ಇದ್ದದ್ದಿಲ್ಲ.

ಚದುರಂಗಕ್ಕೂ ಈ ನಾಡಿನಲ್ಲಿ ಹಳೆಯ ದಾಖಲೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಅರಸನ ವಿನೋದಗಳ ನಡುವೆ ಅದಕ್ಕೂ ಜಾಗ ಕೊಟ್ಟಿದೆ. ಆದರೆ ಆಟದ ಹುಚ್ಚಿನಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೀರಿಸಿದ ಅರಸರು ಸಿಗುವುದು ಕಷ್ಟ. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದವರು ಅವರು. ನಗರ ಸೀಮೆಯ ರೈತರ ದಂಗೆಯನ್ನು ನೆಪಮಾಡಿ ಬ್ರಿಟಿಷರು 1831ರಲ್ಲಿ ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತಾರು ವರ್ಷಕ್ಕೂ ಮಿಕ್ಕಿ, ಅರಸರಿಗೆ ಸಿಂಹಾಸನವಿತ್ತು, ರಾಜ್ಯಭಾರವಿರಲಿಲ್ಲ. ಆ ಬಿಡುವನ್ನು ತುಂಬಿದ್ದು ಸಾಹಿತ್ಯ, ಚಿತ್ರ, ಸಂಗೀತ ಮತ್ತು ಆಟ. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಇಂಥ ವಿನೋದಗಳಿಗೇ ಮೀಸಲು. ಗಂಜೀಫದ ಎಲೆಗಳಿಗೆ ಅವರು ಹೊಸಹೊಸ ಬಗೆಗಳನ್ನು ಕಟ್ಟಿದರು. ಚದುರಂಗದ ಕುದುರೆಯನ್ನು ಹಲಗೆಯ ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ನಡೆಸುವ ಒಗಟಿನ ಮೇಲಂತೂ ಅವರಿಗೆ ಬಿಡದ ಮೋಹ. ಕುದುರೆ ಮೆಟ್ಟಿದ ಮನೆಗಳಿಗೆ ಒಂದರಿಂದ ಅರವತ್ತನಾಲ್ಕರವರೆಗೆ ಅಂಕಿ ಕೊಟ್ಟರೆ ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ ಕೂಡಿದಾಗ 260 ಬರುವಂಥ ನಡೆಯನ್ನು ಅವರು ಕಟ್ಟಿದರು. ಅಷ್ಟು ಸಾಲದೆ 12 ಮನೆ ಅಗಲದ ಹಲಗೆಗೂ ಅಂಥದ್ದೊಂದನ್ನು ಹೊಂದಿಸಿದರು. ಅಲ್ಲಿ ಪ್ರತಿ ಸಾಲಿನ ಮೊತ್ತ 870. ಈ ಆಟಗಳ ಬಗ್ಗೆ ಆರ್. ವಸಂತಾ ಅವರು ಪುಸ್ತಕವನ್ನೇ ಬರೆದಿದ್ದಾರೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಹುಲಿ-ಕುರಿ, ಚೌಕಾಬಾರ, ಅಳಗುಳಿಮಣೆ, ಪಗಡೆಗಳನ್ನು ಮತ್ತೆ ಜನರ ಕೈಗೆ ತಲುಪಿಸಿದೆ.

ಹೀಗೆ ಮೈಸೂರು ಸೀಮೆಯಲ್ಲಿ ಗೊಂಬೆಯೂ ಇತ್ತು, ಆಟವೂ ಇತ್ತು. ಎರಡೂ ಒಂದೇ ಅರಮನೆಯ ಬೇರೆಬೇರೆ ಕೋಣೆಗಳಲ್ಲಿ ಇದ್ದುವು. ಗೊಂಬೆಗೆ ಆಡುವ ಸ್ವಾತಂತ್ರ್ಯ ಸಿಗಲಿಲ್ಲ, ಆಟಕ್ಕೆ ಗೊಂಬೆ ಬೇಕೆನಿಸಲಿಲ್ಲ. ಮುಮ್ಮಡಿಯವರ ಕುದುರೆ ಅರವತ್ತನಾಲ್ಕು ಮನೆ ಸುತ್ತಿತು. ಎದುರಿಗೆ ಶತ್ರುವೇ ಇರಲಿಲ್ಲ. ಸೈನ್ಯ ಕಳೆದುಕೊಂಡ ಅರಸರ ಆಟದಲ್ಲಿ ಯುದ್ಧದ ಅಂಶ ಕರಗಿ ಲೆಕ್ಕಾಚಾರ ಮಾತ್ರ ಉಳಿದದ್ದು ಸಹಜವೇ ಇರಬೇಕು.

ಎರಡನ್ನೂ ಬೆಸೆದದ್ದು ಯುರೋಪಿನವರು, ಅದೂ ಮೊದಲು ವಿನೋದಕ್ಕಾಗಿ ಅಲ್ಲ. 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್‌ನ ಗಣಿತದ ಮೇಷ್ಟ್ರು ಹೆಲ್ವಿಗ್ ಚದುರಂಗವನ್ನೇ ಹಿಗ್ಗಿಸಿ 1,617 ಮನೆಗಳ ಹಲಗೆ ಮಾಡಿದ. ನೆಲದ ಬಗೆಗೊಂದು ಬಣ್ಣ ಕೊಟ್ಟ. ಆನೆ ಮಂತ್ರಿಗಳ ಜಾಗಕ್ಕೆ ಕಾಲಾಳು, ಅಶ್ವದಳ, ಫಿರಂಗಿ ಬಂದುವು. ಅದೇ 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಬ್ರಿಟಿಷರ ಕರ್ನಲ್ ಬೈಲಿಯ ಸೈನ್ಯವನ್ನು ಸುತ್ತುವರಿದು ಮುಗಿಸಿದರು. ಆ ಕಾಳಗದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿದೆ: ನಡುವೆ ಚೌಕವಾಗಿ ನಿಂತ ಕೆಂಪಂಗಿ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಗಾಡಿ, ಪಲ್ಲಕ್ಕಿಯಲ್ಲಿ ಕೂತ ಬೈಲಿ, ಸುತ್ತ ಸಾಲುಸಾಲು ಮೈಸೂರು ಕುದುರೆಗಳು. ಮೇಜಿನ ಮೇಲೆ ಗೊಂಬೆಗಳನ್ನು ಜೋಡಿಸಿ ಮೇಲಿನಿಂದ ನೋಡಿದಂತೆಯೇ ಕಾಣುತ್ತದೆ. ಹೆಲ್ವಿಗ್‌ಗೆ ಪೊಳ್ಳಿಲೂರು ಗೊತ್ತಿದ್ದಿರಲಾರದು, ದರಿಯಾ ದೌಲತ್‌ನ ಚಿತ್ರಕಾರರಿಗೆ ಹೆಲ್ವಿಗ್ ಗೊತ್ತಿದ್ದಿರಲಾರದು.

ಮುಂದೆ ಪ್ರಷ್ಯದ ರೈಸ್‌ವಿಟ್ಸ್ ಎಂಬಾತ ಚೌಕದ ಮನೆಗಳನ್ನೇ ಕಿತ್ತುಹಾಕಿ, 1812ರಲ್ಲಿ ನೆಲದ ಮಾದರಿಯ ಮೇಲೆ ಆಡುವ ಆಟವನ್ನು ದೊರೆಗೆ ತೋರಿಸಿದ. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಅವನ ಮಗ 1824ರಲ್ಲಿ ಅದನ್ನು ನಕ್ಷೆಯ ಮೇಲಕ್ಕೆ ತಂದು ನಿಯಮದ ಪುಸ್ತಕ ಅಚ್ಚುಹಾಕಿಸಿದ. ಕೆಂಪು, ನೀಲಿ ಬಿಲ್ಲೆಗಳು. ಒಂದು ಸರದಿಗೆ ಎರಡು ನಿಮಿಷದ ಯುದ್ಧ. ಗುಂಡಿನ ಫಲ ಹೇಳಲು ದಾಳ. ಎಲ್ಲಕ್ಕಿಂತ ದೊಡ್ಡ ಹೊಸತನವೆಂದರೆ ನಡುವೆ ಕೂತ ಪಂಚ, ಅಂದರೆ ತೀರ್ಪುಗಾರ. ಆಡುವವರು ತಮ್ಮ ಆಜ್ಞೆಯನ್ನು ಚೀಟಿಯಲ್ಲಿ ಬರೆದು ಅವನಿಗೆ ಕೊಡಬೇಕು. ಶತ್ರು ಕಣ್ಣಿಗೆ ಬಿದ್ದಿದ್ದಾನೋ ಇಲ್ಲವೋ ಎಂಬುದನ್ನು ಅವನೇ ನಿರ್ಧರಿಸಿ ಹೇಳುತ್ತಾನೆ. ಪ್ರಷ್ಯದ ಸೇನೆ ಇದನ್ನು ತನ್ನ ಅಧಿಕಾರಿಗಳ ತರಬೇತಿಗೆ ಬಳಸಿತು. 1870–71ರಲ್ಲಿ ಫ್ರಾನ್ಸನ್ನು ಸೋಲಿಸಿದ ಮೇಲೆ ಉಳಿದ ದೇಶಗಳೂ ಕಣ್ಣುಬಿಟ್ಟುವು.

ಗೊಂಬೆ ಬಂದದ್ದು ಇನ್ನೊಂದು ದಾರಿಯಿಂದ. ಲಂಡನ್ನಿನ ಬ್ರಿಟನ್ ಕಂಪನಿ 1893ರಲ್ಲಿ ಒಳಗೆ ಪೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯಲು ಶುರುಮಾಡಿತು. ಸೀಸ ಕಡಿಮೆ, ಬೆಲೆಯೂ ಕಡಿಮೆ. ಲ್ಯಾನ್ಸರ್‌ಗಳೂ ಸೇರಿ ಬ್ರಿಟಿಷ್ ಇಂಡಿಯಾದ ಪಡೆಗಳು ಕೂಡ ಕೆಂಪು ಪೆಟ್ಟಿಗೆಗಳಲ್ಲಿ ಮಾರಾಟಕ್ಕೆ ಬಂದುವು. ಅವನ್ನು ನೆಲದ ಮೇಲೆ ಹರಡಿ ಆಡುತ್ತಿದ್ದ ದೊಡ್ಡವರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಒಬ್ಬರು. 1913ರಲ್ಲಿ ಅವರು ಬರೆದ 'ಲಿಟಲ್ ವಾರ್ಸ್' ಇವತ್ತಿನ ಹವ್ಯಾಸಕ್ಕೆ ಮೊದಲ ಪಠ್ಯ ಎನ್ನಬಹುದು. ನಿಯಮಗಳು ಎರಡು ನಿಮಿಷಕ್ಕೆ ಅರ್ಥವಾಗುವಂಥವು: ಕಾಲಾಳು ಒಂದು ಸರದಿಗೆ ಒಂದು ಅಡಿ ನಡೆಯಬಹುದು, ಕುದುರೆ ಎರಡು ಅಡಿ. ಫಿರಂಗಿಗೆ ದಾಳ ಬೇಡ. ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ಮರದ ಗುಂಡು ಹಾರಿಸಿ ಬೀಳಿಸಿದಷ್ಟು ಗೊಂಬೆ ಸತ್ತವು. ಯುದ್ಧವನ್ನು ದ್ವೇಷಿಸುತ್ತಿದ್ದ ವೆಲ್ಸ್, ಸೇನಾಪತಿಗಳೆಲ್ಲ ಇಂಥ ಕೋಣೆಯೊಳಗೇ ಕಾದಾಡಿದರೆ ಲೋಕಕ್ಕೆ ಕ್ಷೇಮ ಎಂಬ ಧಾಟಿಯಲ್ಲಿ ಪುಸ್ತಕ ಮುಗಿಸಿದರು. ಮರುವರ್ಷವೇ ಮಹಾಯುದ್ಧ ಬಂತು. ಮೈಸೂರು ಲ್ಯಾನ್ಸರ್‌ಗಳು ಆ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದವರ ಜೊತೆ ಹೈಫಾ ಪಟ್ಟಣಕ್ಕೆ ಕುದುರೆಯ ಮೇಲೆ ನುಗ್ಗಿದರು. ಮೇಜಿನ ಮೇಲೆ ಆಡಲು ಅದೂ ಒಳ್ಳೆಯ ಪ್ರಸಂಗವೇ.

ಉಳಿದ ಕಥೆ ಚುಟುಕಾಗಿ ಹೇಳಿ ಮುಗಿಸಬಹುದು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ಪುಸ್ತಕ ಹವ್ಯಾಸವನ್ನು ಮನೆಮನೆಗೆ ಒಯ್ದಿತು. 1975ರಲ್ಲಿ ಶುರುವಾದ ಗೇಮ್ಸ್ ವರ್ಕ್‌ಶಾಪ್ 1983ರಲ್ಲಿ ವಾರ್‌ಹ್ಯಾಮರ್ ತಂದಿತು, 1987ರಲ್ಲಿ ವಾರ್‌ಹ್ಯಾಮರ್ 40,000. ಇವತ್ತು ಬೆಂಗಳೂರಿನಲ್ಲಿ ಹೊಸ ಹುಡುಗರು ಆಡುವುದು ಹೆಚ್ಚಾಗಿ ಈ ಕೊನೆಯದನ್ನೇ. ಬಾಹ್ಯಾಕಾಶದ ಸೈನಿಕರು, ದುಬಾರಿ ಪೆಟ್ಟಿಗೆಗಳು.

ದುಬಾರಿಯಾಗಲೇಬೇಕೆಂದೇನೂ ಇಲ್ಲ, ಬಾಹ್ಯಾಕಾಶಕ್ಕೆ ಹೋಗಬೇಕಾಗಿಯೂ ಇಲ್ಲ. ಹೊಸಬರಿಗೆ ಹೇಳಿಮಾಡಿಸಿದಂಥ ಒಂದು ಕಾಳಗ ನಂಜನಗೂಡಿನ ಬಳಿಯೇ ನಡೆದಿದೆ. ಹೈದರಾಲಿಯ ಲೆಕ್ಕಪತ್ರ ನೋಡಿಕೊಳ್ಳುತ್ತ ಮೇಲಕ್ಕೆ ಬಂದ ಖಂಡೇರಾಯ 1760ರ ಆಗಸ್ಟಿನಲ್ಲಿ ಅರಮನೆಯ ಪಕ್ಷ ಸೇರಿ ಶ್ರೀರಂಗಪಟ್ಟಣದ ಕೋಟೆಯಿಂದ ತನ್ನ ಒಡೆಯನ ಮೇಲೆಯೇ ಫಿರಂಗಿ ತಿರುಗಿಸಿದ. ಹೈದರ್ ಹೊಳೆ ದಾಟಿ ಬೆಂಗಳೂರಿಗೆ ಓಡಿಹೋದ. ಅಲ್ಲಿ ಪಡೆ ಕೂಡಿಸಿಕೊಂಡು 1761ರಲ್ಲಿ ಮರಳಿ ಬಂದವನು ನಂಜನಗೂಡಿನ ಬಳಿ ಖಂಡೇರಾಯನನ್ನು ಎದುರಿಸಿ ಸೋತ. ಆಗ ಅವನು ಮಾಡಿದ್ದು ಯಾರೂ ಎಣಿಸದ ಕೆಲಸ. ಹಿಂದೆ ತಾನೇ ಮೂಲೆಗೆ ತಳ್ಳಿದ್ದ ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯನ ಬಾಗಿಲಿಗೆ, ಕೋಣನೂರಿಗೆ, ಆಯುಧವಿಲ್ಲದೆ ಹೋಗಿ ಶರಣೆಂದ. ನಂಜರಾಜಯ್ಯ ಕರಗಿದ, ತನ್ನ ಪಡೆಯನ್ನೂ ದಳವಾಯಿಯ ಹೆಸರನ್ನೂ ಕೊಟ್ಟ. ಆದರೂ ಕಟ್ಟೆಮಳಲವಾಡಿಯ ಬಳಿ ಖಂಡೇರಾಯನ ಸೈನ್ಯ ಮತ್ತೆ ಅಡ್ಡ ಬಂತು, ಹೈದರ್ ಸಿಕ್ಕಿಬಿದ್ದ ಸ್ಥಿತಿ. ಆಗ ನಂಜರಾಜಯ್ಯನ ಹೆಸರಿನಲ್ಲಿ ಖಂಡೇರಾಯನ ಮುಖ್ಯ ಸರದಾರರಿಗೆ ಸುಳ್ಳು ಕಾಗದಗಳು ಹೊರಟುವು: ಒಪ್ಪಂದದಂತೆ ಖಂಡೇರಾಯನನ್ನು ಹಿಡಿದುಕೊಡಿ, ಇನಾಮು ಸಿದ್ಧವಿದೆ. ಕಾಗದ ಖಂಡೇರಾಯನ ಕೈಗೇ ಬೀಳುವಂತೆ ನೋಡಿಕೊಳ್ಳಲಾಗಿತ್ತು. ಓದಿದವನು ತನ್ನವರೇ ತನ್ನನ್ನು ಮಾರಿದ್ದಾರೆಂದು ಕುದುರೆ ಏರಿ ಶ್ರೀರಂಗಪಟ್ಟಣಕ್ಕೆ ಓಡಿದ. ತಲೆಯಿಲ್ಲದ ಸೈನ್ಯದ ಮೇಲೆ ಹೈದರ್ ಬಿದ್ದ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಇದನ್ನೆಲ್ಲ ಬಿಡಿಸಿ ಬರೆದಿದ್ದಾನೆ.

ಇದನ್ನು ಆಡಲು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು ಸಾಕು; ಇಲ್ಲದಿದ್ದರೆ ಚಾಪೆ. ನೀಲಿ ಬಟ್ಟೆಯ ಪಟ್ಟಿಯೇ ಕಪಿಲಾ ಹೊಳೆ. ಅದರ ಮೇಲೆ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಸೇತುವೆಯನ್ನು ರಟ್ಟಿನಲ್ಲಿ ಮಾಡಿಡಬಹುದು. ಕಾಳಗದ ಹೊತ್ತಿಗೆ ಅದಕ್ಕೆ ಇಪ್ಪತ್ತಾರು ವರ್ಷ. ಕಾಲಾಳುಗಳಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಸಣ್ಣ ಮರದ ಗೊಂಬೆಗಳಾದರೆ ಬಲು ಚೆಂದ, ಇಲ್ಲದಿದ್ದರೆ ಅಂಗಿಯ ಗುಂಡಿಗಳೂ ನಡೆಯುತ್ತವೆ. ಮೊದಲ ಆಟಕ್ಕೆ ಒಂದೊಂದು ಕಡೆಗೆ ಆರಾರು ಗೊಂಬೆಯ ಮೂರು ತುಕಡಿ ಕಾಲಾಳು, ಒಂದು ತುಕಡಿ ಕುದುರೆ, ಒಂದು ಫಿರಂಗಿ. ನಡಿಗೆಗೆ ವೆಲ್ಸ್ ಹಾಕಿಕೊಟ್ಟ ಅಳತೆ. ಗುಂಡಿಗೆ ದಾಳ: ಆರು ಬಿದ್ದರೆ ಒಂದು ಗೊಂಬೆ ಹೋಯಿತು. ಅರ್ಧ ಗೊಂಬೆ ಕಳೆದುಕೊಂಡ ತುಕಡಿ ಹಿಂದಕ್ಕೆ ಓಡುತ್ತದೆ. ಹುಲಿ-ಕುರಿ ಆಡಿ ಪಳಗಿದ ಹುಡುಗರಿಗೆ ಬೆನ್ನು ಕಾಯುವುದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಆದರೆ ಈ ನಿಯಮದಲ್ಲಿ ನಂಜನಗೂಡಿನ ಕಾಳಗವಷ್ಟೇ ಆಡಬಹುದು, ಕಟ್ಟೆಮಳಲವಾಡಿಯನ್ನು ಆಡಲಾಗದು. ಎಲ್ಲ ಗೊಂಬೆಗಳೂ ಇಬ್ಬರಿಗೂ ಕಾಣುವಾಗ ಮೋಸಕ್ಕೆ ಜಾಗವೆಲ್ಲಿ? ಅಲ್ಲಿಗೆ ರೈಸ್‌ವಿಟ್ಸನ ಪಂಚನೇ ಬೇಕು, ಅವನ ಚೀಟಿಗಳೂ ಬೇಕು. ಹಾಗಾಗಿ ಮೂರನೆಯವರೊಬ್ಬರು ನಡುವೆ ಕೂರಬೇಕು. ಇನ್ನೂ ಒಂದು ತೊಡಕಿದೆ. ಕಥೆ ಗೊತ್ತಿರುವ ಖಂಡೇರಾಯ ಯಾವ ಕಾಗದಕ್ಕೂ ಹೆದರುವುದಿಲ್ಲ. ಅದಕ್ಕೆ ಉಪಾಯವೆಂದರೆ ಒಂದರ ಬದಲು ಮೂರು ಕಾಗದ. ಆಟ ಶುರುವಾಗುವ ಮೊದಲೇ ಪಂಚ ಗುಟ್ಟಾಗಿ ದಾಳ ಹಾಕಿ, ಮೂರರಲ್ಲಿ ಒಂದನ್ನು ನಿಜವೆಂದು ಗುರುತುಮಾಡಿಕೊಳ್ಳುತ್ತಾನೆ. ಆ ಕಾಗದ ಹೆಸರಿಸುವ ಸರದಾರ ನಿಜವಾಗಿಯೂ ಮಾರಾಟವಾಗಿದ್ದಾನೆ. ನಾಲ್ಕನೆಯ ಸರದಿಯಲ್ಲಿ ಅವನ ತುಕಡಿ ಪಕ್ಷ ಬದಲಿಸುತ್ತದೆ. ಉಳಿದೆರಡು ಹೈದರನ ಸುಳ್ಳು. ಕಾಗದಗಳು ಒಂದೊಂದು ಸರದಿಗೆ ಒಂದರಂತೆ ಖಂಡೇರಾಯನ ಕೈಸೇರುತ್ತವೆ. ಹೆಸರಿರುವ ಸರದಾರನನ್ನು ಸೆರೆಹಿಡಿಸಿದರೆ ಆ ತುಕಡಿ ಎರಡು ಸರದಿ ನಿಂತಲ್ಲೇ ನಿಲ್ಲಬೇಕು. ಸುಮ್ಮನೆ ಬಿಟ್ಟರೆ ಕಾದು ನೋಡಬೇಕು. ಇಷ್ಟು ಬದಲಾವಣೆ ಮಾಡಿಕೊಂಡರೆ ಇತಿಹಾಸ ಬಾಯಿಪಾಠ ಬರುವವರಿಗೂ ಮೂರನೆಯ ಸರದಿಯಲ್ಲಿ ಕೈ ತಡೆಯುತ್ತದೆ.